ಮಣ್ಣಿನ ನಾಯಿಯ ಹರಕೆಯೂ ಡೇಟಾಬೇಸಿನ ಕೆಲಸವೂ

ಕಾಡಿನ ಅಯ್ಯಪ್ಪನನ್ನು ನಂಬಿ ಕೆಟ್ಟವರಿಲ್ಲ ಎಂದು ನಮ್ಮಪ್ಪ ನಾನು ಚಿಕ್ಕವಳಿದ್ದಾಗಿನಿಂದ ಹೇಳುತ್ತಾ ಬಂದಿದ್ದಾರೆ. ಕಳೆದ ವರ್ಷ ಕಕ್ಕಡದ ತಿಂಗಳಲ್ಲಿ, ಅಂದರೆ ನಮ್ಮ ಕೊಡಗಿನ ಆಷಾಢದಲ್ಲಿ, ಊರಿನಲ್ಲಿ ಧೋ ಎಂದು ಮಳೆ ಹೊಯ್ಯುತ್ತಿದ್ದಾಗ, ನಾನು ಆಸ್ಟ್ರೇಲಿಯದ ಅಡಿಲೇಡ್ ನಗರದ ಹೊರಗೆ ನಾಯಿಗಳ ಹೇಲು ಬಳಿಯುತ್ತಾ, ಹಾಗೆ ಕೆಟ್ಟವರಲ್ಲಿ ಮೊದಲನೆಯವಳು ನಾನೇ ಇರಬೇಕು ಎಂದುಕೊಂಡೆ. ಈಗ ಅದನ್ನೇ ನಗುತ್ತಾ ಬರೆಯುತ್ತಿದ್ದೇನೆ. ಓದುವ ಭಕ್ತರೂ ನಗಬಹುದು, ದೋಷವಿಲ್ಲ. ಆ ದೇವರೇ ನನ್ನನ್ನು ನೋಡಿ ಸಾಕಷ್ಟು ನಕ್ಕಿದ್ದಾನೆ.

ನನ್ನ ಹೆಸರು ಸವಿತಾ. ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯ ಹಿಡಿದವರು. ಅಪ್ಪ ಮಾತ್ರ ನೇಗಿಲು ಬಿಟ್ಟು ಕಕ್ಕಬೆಯ ಬಳಿ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆದರು. ನಿವೃತ್ತಿಯಾದ ಮೇಲೂ ಅಲ್ಲೇ ನನ್ನ ಅಣ್ಣನ ಮನೆಯಲ್ಲಿದ್ದಾರೆ. ಆ ಎಸ್ಟೇಟಿನ ಬೇಲಿ ಮುಗಿದಲ್ಲಿಂದ ದೇವರಕಾಡು. ಅಯ್ಯಪ್ಪನಿಗೆ ಅಲ್ಲಿ ಗೋಪುರವಿಲ್ಲ, ಮರದ ಬುಡದಲ್ಲಿ ಒಂದು ಕಲ್ಲು, ಅಷ್ಟೇ. ಅವನು ಬೇಟೆಯ ದೇವರು, ಅವನ ಬೆನ್ನಿಗೆ ನಾಯಿಗಳಿರಬೇಕು. ಅದಕ್ಕೇ ಹರಕೆ ಫಲಿಸಿದವರು ಮಣ್ಣಿನ ನಾಯಿ ತಂದು ಇಟ್ಟು ಹೋಗುತ್ತಾರೆ. ನಮ್ಮ ಕಾಡಿನ ಕಟ್ಟಳೆಯಂತೆ ಹೆಂಗಸರು ಗಡಿಕಲ್ಲು ದಾಟಿ ಒಳಗೆ ಹೋಗುವಂತಿಲ್ಲ. ಈ ವಿಷಯದಲ್ಲಿ ನನಗೆ ತಕರಾರಿದೆ. ಅದನ್ನು ಅಯ್ಯಪ್ಪನ ಹತ್ತಿರವೇ ಬಗೆಹರಿಸಿಕೊಳ್ಳುತ್ತೇನೆ, ಇಲ್ಲಿ ಎಳೆಯುವುದಿಲ್ಲ. ಕಟ್ಟಳೆಯನ್ನು ಹೇಳಿದ್ದು ಏಕೆಂದರೆ, ಮುಂದಿನ ಎಡವಟ್ಟಿಗೆಲ್ಲ ಅದೇ ಕಾರಣ.

ನಾನು ಮೈಸೂರಿನ ಒಂದು ಕಂಪನಿಗೆ ಮನೆಯಿಂದಲೇ ಡೇಟಾಬೇಸ್ ನೋಡಿಕೊಳ್ಳುತ್ತಿದ್ದೆ. ಕಂಪನಿಯ ಗಿರಾಕಿಗಳು, ಸರಕು, ವ್ಯವಹಾರ ಎಲ್ಲದರ ಮಾಹಿತಿ ಒಂದು ಕಡೆ ಇರುತ್ತದೆ, ಅದು ಕೆಡದಂತೆ, ಕಳೆಯದಂತೆ, ಕಂಡವರ ಕೈಗೆ ಸಿಗದಂತೆ ಕಾಯುವುದು ನನ್ನ ಕೆಲಸ ಎಂದು ಅಪ್ಪನಿಗೆ ಬಿಡಿಸಿ ಹೇಳಿದ್ದೆ. ಅವರು ಪೂರ್ತಿ ಕೇಳಿ, ಹಾಗಾದರೆ ನೀನು ಸ್ಟೋರ್ ಕೀಪರ್ ಎಂದಿದ್ದರು. ಎಸ್ಟೇಟಿನಲ್ಲಿ ಸ್ಟೋರ್ ಕೀಪರ್ ರೈಟರಿಗಿಂತ ಒಂದು ಮೆಟ್ಟಿಲು ಕೆಳಗೆ. ಆದರೂ ಮಗಳೆಂದು ಸಹಿಸಿಕೊಂಡಿದ್ದರು.

ನುರಿತ ಕೆಲಸಗಾರರಿಗೆ ಕೊಡುವ ವೀಸಾ ಸಿಕ್ಕಿತು. ಕಾಫಿ ಹೂವು ಬಿಟ್ಟ ಸಮಯದಲ್ಲಿ ಹೊರಟೆ. ನನ್ನ ಗಂಡ ಲೋಕೇಶ್ ಕುಶಾಲನಗರದಲ್ಲಿ ಹೈಸ್ಕೂಲ್ ಮೇಷ್ಟ್ರು, ಮಗಳು ಪೂರ್ವಿ ಆಗ ನಾಲ್ಕನೇ ತರಗತಿ. ಮೊದಲು ನಾನು ಹೋಗಿ ಕೆಲಸ ಹಿಡಿಯುವುದು, ಆಮೇಲೆ ಅವರಿಬ್ಬರೂ ಬರುವುದು ಎಂದು ಮಾತಾಗಿತ್ತು. ವರ್ಷದ ಕೊನೆಗೆ ಬರುವ ಹುತ್ತರಿ ಹಬ್ಬದೊಳಗೆ ನನ್ನ ಕಸುಬಿನದೇ ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟಿ ವಾಪಸ್ ಬರುವುದು ಎಂದೂ ಮಾತಾಗಿತ್ತು. ಎರಡನೆಯ ಮಾತು ಹೇಳಿದವಳು ನಾನೇ. ವಿಮಾನ ಹತ್ತುವ ಮೊದಲು ಎಲ್ಲರಿಗೂ ಧೈರ್ಯ ಜಾಸ್ತಿ ಇರುತ್ತದೆ.

ಅಲ್ಲಿ ಕಂಪನಿಗಳವರು ಬಹಳ ಮರ್ಯಾದಸ್ಥರು. ನಗುತ್ತಲೇ ಇಲ್ಲ ಎನ್ನುತ್ತಿದ್ದರು. ಈ ದೇಶದ ಅನುಭವ ಇದೆಯೇ ಎನ್ನುವುದು ಮೊದಲ ಪ್ರಶ್ನೆ. ಡೇಟಾಬೇಸಿಗೆ ದೇಶ ಯಾವುದು ಸ್ವಾಮಿ ಎಂದು ಕೇಳಬೇಕೆನಿಸಿದರೂ ಬಾಯಿ ಮುಚ್ಚಿಕೊಂಡೆ. ನಿಮ್ಮನ್ನು ಬಲ್ಲ ಈ ಊರಿನವರು ಯಾರಾದರೂ ಫೋನಿನಲ್ಲಿ ನಿಮ್ಮ ಬಗ್ಗೆ ಹೇಳುತ್ತಾರೆಯೇ ಎನ್ನುವುದು ಎರಡನೆಯದು. ನನ್ನನ್ನು ಬಲ್ಲವನು ಬಸ್ಸಿನ ಡ್ರೈವರ್ ಒಬ್ಬ, ಅದೂ ನಾನು ಎರಡು ಸಲ ತಪ್ಪು ಬಸ್ಸು ಹತ್ತಿದ್ದರಿಂದ. ಎಲ್ಲಕ್ಕಿಂತ ಕಷ್ಟದ್ದು ಮೂರನೆಯ ಪ್ರಶ್ನೆ. ನಿಮ್ಮ ದೊಡ್ಡ ಸಾಧನೆ ಏನು? ನಮ್ಮ ಕಸುಬಿನಲ್ಲಿ ದೊಡ್ಡ ಸಾಧನೆ ಎಂದರೆ ಏನೂ ಆಗದಿರುವುದು. ನಾನಿದ್ದ ಅಷ್ಟೂ ವರ್ಷ ಏನೂ ಆಗಲಿಲ್ಲ ಎಂದು ಹೆಮ್ಮೆಯಿಂದ ಹೇಳಿದೆ. ಎದುರಿಗಿದ್ದವರು ಮುಖ ಮುಖ ನೋಡಿಕೊಂಡರು.

ಮಳೆಗಾಲದ ಹೊತ್ತಿಗೆ ನನ್ನ ಧೈರ್ಯ ಉಡುಗಿತ್ತು. ಫೋನಿನಲ್ಲಿ ಪೂರ್ವಿ, ಅಮ್ಮಾ ನಿಂಗೆ ಅಲ್ಲಿ ಯಾರೂ ಫ್ರೆಂಡ್ಸೇ ಇಲ್ವಾ ಎಂದು ಕೇಳಿದ ದಿನ ನಾನು ಫೋನಿಟ್ಟು ತುಂಬಾ ಅತ್ತೆ. ಊರಲ್ಲೇ ಇದ್ದರೂ ನಾನು ಗಡಿಕಲ್ಲು ದಾಟುವಂತಿಲ್ಲವಲ್ಲ, ಮರುದಿನ ಅಪ್ಪನಿಗೆ ಕರೆ ಮಾಡಿ, ನನ್ನ ಪರವಾಗಿ ಹರಕೆ ಹೊರಲು ಕೇಳಿಕೊಂಡೆ. ಅಪ್ಪ ಆ ಮಳೆಯಲ್ಲೇ ಜಿಗಣೆ ಕಚ್ಚಿಸಿಕೊಂಡು ಕಾಡಿಗೆ ಹೋಗಿ, ಹೊತ್ತು ಬಂದರು.

ಭಕ್ತರೇ, ಒಂದು ವಾರ ಕಳೆಯುವುದರೊಳಗೆ ಕೆಲಸ ಸಿಕ್ಕಿತು. ಮಾರ್ಗರೆಟ್ ಎಂಬ ವಯಸ್ಸಾದ ಹೆಂಗಸಿನ ನಾಯಿ ಹಾಸ್ಟೆಲಿನಲ್ಲಿ. ಅಲ್ಲಿಯ ಜನ ಪ್ರವಾಸ ಹೋಗುವಾಗ ತಮ್ಮ ನಾಯಿಗಳನ್ನು ಇಂಥ ಕಡೆ ಬಿಟ್ಟು ಹೋಗುತ್ತಾರೆ. ಊಟ ಹಾಕುವುದು, ಓಡಾಡಿಸುವುದು, ಬಳಿಯುವುದು ನನ್ನ ಪಾಲಿಗೆ ಬಂತು. ಊರಿಗೆ ಫೋನು ಮಾಡಿ, ದೇವರ ಮುಂದೆ ಏನೆಂದು ಕೇಳಿಕೊಂಡಿರಿ ಎಂದು ಅಪ್ಪನನ್ನು ವಿಚಾರಿಸಿದೆ.

"ಮಗಳಿಗೆ ಒಂದು ಕೆಲ್ಸ ಕೊಡಪ್ಪಾ, ನಿಂಗೊಂದು ನಾಯಿ ಕೊಡ್ತೀನಿ ಅಂದೆ," ಎಂದರು.

"ಡೇಟಾಬೇಸ್ ಕೆಲಸ ಅನ್ನಬೇಕಿತ್ತು ತಾನೇ ಅಪ್ಪಾ?"

"ದೇವರ ಮುಂದೆ ಆ ಮಾತು ನಾಲಿಗೆಗೆ ಬರ್ಲಿಲ್ಲ ಕಣವ್ವ. ಸ್ಟೋರ್ ಕೀಪರ್ ಅನ್ನಾಣ ಅಂದ್ರೆ ನಿಂಗೆ ಕ್ವಾಪ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಡೇಟಾಬೇಸನ್ನು ಏನಾದರೂ ಕೇಳುವಾಗ ಎಂಥದ್ದು ಬೇಕೆಂದು ಷರತ್ತು ಹಾಕದಿದ್ದರೆ ಬೇಡದ್ದೆಲ್ಲ ಸುರಿಯುತ್ತದೆ. ಹೊಸಬರಿಗೆ ಇದನ್ನು ನಾನೇ ಪಾಠ ಮಾಡಿದವಳು. ನಾಯಿಗಳ ದೇವರ ಹತ್ತಿರ ಷರತ್ತಿಲ್ಲದೆ ಕೆಲಸ ಕೇಳಿದರೆ ಅವನು ತನ್ನ ಇಲಾಖೆಯದನ್ನೇ ಕೊಟ್ಟಿದ್ದ. ಅಪ್ಪ ಪಾಪ, ತಿದ್ದುಪಡಿ ಮಾಡಲು ಮತ್ತೆ ಹೋದರು. ಈ ಸಲ ಅಣ್ಣನ ಕೈಯಲ್ಲಿ ಡೇಟಾಬೇಸ್ ಎಂದು ಅಂಗೈ ಮೇಲೆ ಬರೆಸಿಕೊಂಡು ಹೋಗಿದ್ದರಂತೆ. ಮಳೆಗೆ ಅದು ಅಳಿಸಿ ಹೋಯಿತಂತೆ. ಕೊನೆಗೆ, ಅವಳ ಹಳೇ ಕೆಲಸವನ್ನೇ ಕೊಡು, ಇನ್ನೊಂದು ನಾಯಿ ಕೊಡುತ್ತೇನೆ ಎಂದು ಮುಗಿಸಿ ಬಂದರು.

ಆಮೇಲೆ ತಿಂಗಳುಗಟ್ಟಲೆ ಏನೂ ಆಗಲಿಲ್ಲ. ನಾನು ನಾಯಿಗಳನ್ನು ನನಗೆ ಗೊತ್ತಿದ್ದ ರೀತಿಯಲ್ಲಿ ನೋಡಿಕೊಂಡೆ, ಬೇರೆ ರೀತಿ ಬರುವುದಿಲ್ಲ. ಯಾವ ನಾಯಿ ಯಾವ ಗೂಡಿನಲ್ಲಿ, ಯಾರು ಬಂದರು, ಯಾರು ಹೋದರು ಎಂಬುದು ಸದಾ ನನ್ನ ತಲೆಯಲ್ಲಿರುತ್ತಿತ್ತು. ನಮ್ಮ ಕಸುಬಿನಲ್ಲಿ ಇನ್ನೊಂದು ಪದ್ಧತಿ ಇದೆ. ಮಾಹಿತಿಯ ನಕಲು ತೆಗೆದಿಟ್ಟರೆ ಸಾಲದು, ಮೂಲವೇ ಹೋದರೆ ಆ ನಕಲಿನಿಂದ ಎಲ್ಲ ವಾಪಸ್ ಬರುತ್ತದೆಯೇ ಎಂದು ಆಗಾಗ ನಿಜವಾಗಿ ಮಾಡಿ ನೋಡಬೇಕು. ಬಹಳ ಕಡೆ ಇದನ್ನು ಮಾಡುವುದಿಲ್ಲ, ಬರುತ್ತದೆ ಎಂದು ನಂಬಿ ಕೂತಿರುತ್ತಾರೆ. ನಾನು ಶುಕ್ರವಾರ ಶುಕ್ರವಾರ ಒಂದೊಂದು ನಾಯಿಯನ್ನು ಬೇಕೆಂದೇ ಗೂಡಿನಿಂದ ಬಿಟ್ಟು, ಬೇಲಿಯೊಳಗಿನ ದೊಡ್ಡ ಮೈದಾನದ ಆ ತುದಿಗೆ ಓಡಲು ಬಿಟ್ಟು, "ಬಾರೋ" ಎಂದು ಕರೆದು, ವಾಪಸ್ ಬರುತ್ತದೆಯೇ ಎಂದು ಪರೀಕ್ಷೆ ಮಾಡುತ್ತಿದ್ದೆ. ಬಾರದ ನಾಯಿಗೆ ಬರುವ ತನಕ ಅಭ್ಯಾಸ. ಫೋನಿನಲ್ಲಿ ಅಪ್ಪನಿಗೂ ಇದನ್ನೆಲ್ಲ ವರ್ಣಿಸಿದ್ದೆ. ನನಗೆ ತಲೆ ಕೆಟ್ಟಿದೆ ಎಂದು ಮಾರ್ಗರೆಟ್ ಮೊದಲು ತಿಳಿದಿದ್ದರು. ಸ್ವಲ್ಪ ದಿನದಲ್ಲಿ ಅವರೂ ಬೇಲಿ ಹಿಡಿದು ನಿಂತು "ಬಾರೋ" ಎನ್ನತೊಡಗಿದರು.

ಹುತ್ತರಿ ಹತ್ತಿರ ಬಂತು. ವಾಪಸ್ ಬರುವ ಟಿಕೆಟ್ ನೋಡಲೇ ಎಂದು ಲೋಕೇಶ್ ಮೆಲ್ಲಗೆ ಕೇಳಿದರು. ನಾನು ಹೂಂ ಅಂದೆ. ಹಾಗೆ ಹೇಳಿದ ಮೇಲೆ ಒಂದು ಔಷಧಿ ಸಗಟು ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂತು. ಹೋಗಿ ಬಂದೆ. ಅದೇ ಮೂರು ಪ್ರಶ್ನೆ. ನನ್ನನ್ನು ಬಲ್ಲವರು ಯಾರು ಎಂದಾಗ, ನಾಚಿಕೆ ಬಿಟ್ಟು ಮಾರ್ಗರೆಟ್ ಹೆಸರು ಕೊಟ್ಟೆ. ಡೇಟಾಬೇಸ್ ಕೆಲಸಕ್ಕೆ ನಾಯಿ ಹಾಸ್ಟೆಲಿನ ಸಾಕ್ಷಿ. ಮುಗಿಯಿತು ಎಂದು ಮನೆಗೆ ಬಂದು ಸೂಟ್‌ಕೇಸ್ ಕೆಳಗಿಳಿಸಿದೆ.

ಆ ಕಂಪನಿಯ ಮ್ಯಾನೇಜರ್ ಮಾರ್ಗರೆಟ್‌ಗೆ ಫೋನು ಮಾಡಿದಾಗ ನಾನು ಅವರ ಎದುರಿಗೇ ನಾಯಿಗಳಿಗೆ ಊಟ ಹಾಕುತ್ತಿದ್ದೆ. ಅವರಿಗೆ ಕಿವಿ ಮಂದ, ಫೋನಿನ ಸದ್ದು ಜೋರಾಗಿಟ್ಟು ಮಾತಾಡುವುದು ರೂಢಿ, ಆದ್ದರಿಂದ ಎಲ್ಲ ಕೇಳಿಸಿತು. ಸವಿತಾ ಕೆಲಸ ಹೇಗೆ ಎಂದು ಆತ ಕೇಳಿದ.

ಮಾರ್ಗರೆಟ್ ಸ್ವಲ್ಪ ಯೋಚಿಸಿ, "ಅವಳು ಬಂದ ಮೇಲೆ ಇಲ್ಲಿ ಏನೂ ಆಗಿಲ್ಲ," ಎಂದರು.

ಇದೇ ಮಾತು ಹೇಳಿ ನಾನು ಸಂದರ್ಶನಗಳಲ್ಲಿ ಕೆಟ್ಟಿದ್ದೆ. ಆದರೆ ಅವರು ನಿಲ್ಲಿಸಲಿಲ್ಲ. ಹಿಂದೆಲ್ಲ ಒಂದಲ್ಲ ಒಂದು ನಾಯಿ ತಪ್ಪಿಸಿಕೊಂಡು ರಸ್ತೆಯಲ್ಲಿ ಹುಡುಕುವ ಪಾಡು ಇತ್ತೆಂದರು. ಈ ಹೆಂಗಸು ಶುಕ್ರವಾರಕ್ಕೊಂದು ನಾಯಿಯನ್ನು ತಾನೇ ಬಿಡುತ್ತಾಳೆ, ವಾಪಸ್ ಬರುತ್ತದೆಯೇ ಎಂದು ನೋಡುತ್ತಾಳೆ, ಇಂಥ ಹುಚ್ಚು ನಾನು ಎಲ್ಲೂ ಕಂಡಿಲ್ಲ ಎಂದರು. ಆಮೇಲೆ ಆತ ನಗಲು ಶುರು ಮಾಡಿದ. ನಮ್ಮ ಕಂಪನಿಯಲ್ಲಿ ಮಾಹಿತಿಯ ನಕಲಿಗೆ ಆ ಪರೀಕ್ಷೆ ಯಾರೂ ಮಾಡದೆ ಹೋದ ತಿಂಗಳು ಒಂದು ದಿನದ ಮಾಹಿತಿಯೆಲ್ಲ ಹೋಯಿತು ಎಂದು ಹೇಳಿ, ಅವಳು ಸೋಮವಾರ ಬರಬಹುದೇ ಎಂದು ಕೇಳಿದ. ನಾನು ಕೈಯಲ್ಲಿದ್ದ ಅನ್ನದ ಬೋಗುಣಿಯನ್ನು ಅಲ್ಲೇ ಇಟ್ಟು ನೆಲದ ಮೇಲೆ ಕೂತುಬಿಟ್ಟೆ. ನಾಯಿಗಳು ನನ್ನ ಮುಖ ನೆಕ್ಕುತ್ತಿದ್ದವು. ಕಾಡಿನ ಅಯ್ಯಪ್ಪಾ, ಕಾಡಿನ ಅಯ್ಯಪ್ಪಾ ಎಂದು ಅಷ್ಟೇ ಬಾಯಿಗೆ ಬಂತು.

ಅಂದರೆ ಅಪ್ಪನ ಮೊದಲನೆಯ ಹರಕೆಗೆ ತಿದ್ದುಪಡಿ ಬೇಕಿರಲಿಲ್ಲ. ನಾನು ಹಲ್ಲು ಕಚ್ಚಿ ಬೈದುಕೊಂಡು ಬಳಿದದ್ದೇ ನನಗೆ ಆ ದೇಶದ ಅನುಭವವೂ ಆಯಿತು, ಬಲ್ಲವರನ್ನೂ ಕೊಟ್ಟಿತು, ನಾನು ಹೇಳಲು ಬಾರದೆ ಒದ್ದಾಡಿದ ಮಾತನ್ನು ಇನ್ನೊಬ್ಬರ ಬಾಯಿಂದ ಹೇಳಿಸಿತು. ಅಯ್ಯಪ್ಪನಿಗೆ ಡೇಟಾಬೇಸ್ ಎಂದರೇನೆಂದು ಅಪ್ಪನಿಗಿಂತ ಚೆನ್ನಾಗಿ ಗೊತ್ತಿತ್ತು.

ಲೋಕೇಶ್ ಮತ್ತು ಪೂರ್ವಿಯನ್ನು ಕರೆದೊಯ್ಯಲು ಊರಿಗೆ ಬಂದೆ. ಹರಕೆ ತೀರಿಸಲು ಅಪ್ಪ ವಿರಾಜಪೇಟೆ ಕಡೆಯ ಕುಂಬಾರರಿಂದ ನಾಯಿಗಳನ್ನು ಮಾಡಿಸಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಇವಕ್ಕೂ ಅರ್ಧ ಟಿಕೆಟ್ ಆಗ್ತದೆ ಅಜ್ಜ ಎಂದು ಕಂಡಕ್ಟರ್ ಕಿಚಾಯಿಸಿದನಂತೆ. ನಾನೂ ಪೂರ್ವಿಯೂ ಗಡಿಕಲ್ಲಿನ ಹತ್ತಿರ ಬರಿಗಾಲಲ್ಲಿ ಕೈಮುಗಿದು ನಿಂತೆವು. ಅಪ್ಪ ಚೀಲದಿಂದ ಎರಡು ನಾಯಿ ತೆಗೆದು ಒಳಗೆ ಹೋಗಿ ಇಟ್ಟು ಬಂದರು. ಆದರೆ ಚೀಲ ಇನ್ನೂ ಉಬ್ಬಿಕೊಂಡಿತ್ತು. ಒಳಗೆ ಮೂರನೆಯದೊಂದಿತ್ತು.

ಇದು ಯಾರದು ಎಂದು ಕೇಳಿದೆ. ಅಪ್ಪ ನನ್ನ ಮುಖ ನೋಡಲಿಲ್ಲ, ಚೀಲದ ಬಾಯಿ ಕಟ್ಟುತ್ತಿದ್ದರು.

"ನಂದೇ ಒಂದು ಹರಕೆ ಅದೆ. ಇದನ್ನ ಈಗ ಇಡೋದಲ್ಲ. ಬಿಟ್ಟಿದ್ದು ವಾಪಸ್ ಬತ್ತದಾ ಅಂತ ನೋಡ್ಬೇಕು ಅಂತ ನೀನೇ ಅಂದಿದ್ದಲ್ಲವ್ವ," ಎಂದರು.

ನಾನು ಅಲ್ಲೇ ಅತ್ತೆ. ಪೂರ್ವಿ ಅಜ್ಜನ ಕೈಯಿಂದ ಚೀಲ ಇಸಿದುಕೊಂಡು, ನಾನೇ ಹೊರುತ್ತೇನೆ ಎಂದು ಮುಂದೆ ನಡೆದಳು.

ನಾವು ಈಗ ಮೂವರೂ ಅಡಿಲೇಡಿನಲ್ಲಿದ್ದೇವೆ. ಶನಿವಾರ ಮಾರ್ಗರೆಟ್‌ರ ನಾಯಿಗಳನ್ನು ನೋಡಿ ಬರುತ್ತೇವೆ. ನಾನು ಕಂಪನಿಗೆ ಸೇರಿದ ಮೇಲೆ ಅಲ್ಲಿ ಏನೂ ಆಗಿಲ್ಲ, ದೇವರು ದೊಡ್ಡವನು. ಹರಕೆ ಹೊರುವವರು ಇದ್ದರೆ ನನ್ನದೊಂದೇ ಮಾತು, ಅವನ ಮುಂದೆ ಷರತ್ತು ಹಾಕಲು ಹೋಗಬೇಡಿ. ಮುಂದಿನ ಹುತ್ತರಿಗೆ ಊರಿಗೆ ಬರಲು ರಜೆ ಕೇಳಿ ಆಗಿದೆ. ಭಾನುವಾರ ಫೋನು ಮಾಡಿದಾಗಲೆಲ್ಲ ಅಪ್ಪನ ಹಿಂದೆ, ಟೀವಿಯ ಪಕ್ಕದಲ್ಲಿ, ಆ ಮೂರನೆಯ ನಾಯಿ ಕಾಣುತ್ತದೆ. ಅದರ ಮುಖವನ್ನು ಅಪ್ಪ ಬಾಗಿಲ ಕಡೆಗೆ ತಿರುಗಿಸಿ ಕೂರಿಸಿದ್ದಾರೆ.