ಮಗಳಿಗೆ ಕೊನೆಗೆ ಉಳಿದ ದನಿ

ಧಾರವಾಡದಿಂದ ಬೇರೆಯಾಗಿ ಗದಗ ಹೊಸ ಜಿಲ್ಲೆಯಾದಾಗ ಸ್ಟೇಶನ್ ರಸ್ತೆಯಲ್ಲಿ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ನಾನು ಹುಟ್ಟಿ ಬೆಳೆದದ್ದು ಲಕ್ಷ್ಮೇಶ್ವರದಲ್ಲಿ. ಮದುವೆಯಾದ ಮೇಲೆ ಗದಗಕ್ಕೆ ಬಂದು, ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದಂಥ ಆ ಅಂಗಡಿ ಹಾಕಿದ್ದೆ. ಹರ್ತಿಯವರು, ಹಿರೇಹಂದಿಗೋಳದವರು ಸಂತೆಗೆ ಬಂದಾಗ ಭಜನೆ ಪದಗಳನ್ನು ಕೇಳಿಕೊಂಡು ಬರುತ್ತಿದ್ದರು. ನಮ್ಮ ಓಣಿಯವರು ಕವ್ವಾಲಿ ಕೇಳುತ್ತಿದ್ದರು. ಕಾಲೇಜಿನ ಹುಡುಗಿಯರಿಗೆ ಸಿನಿಮಾ ಹಾಡು ಬೇಕಿತ್ತು. ಎರಡು ಕ್ಯಾಸೆಟ್ ಹಾಕುವ ಒಂದು ದೊಡ್ಡ ಟೇಪ್‌ರೆಕಾರ್ಡರಿನಲ್ಲಿ ದಿನವಿಡೀ ಒಂದರಿಂದ ಇನ್ನೊಂದಕ್ಕೆ ಹಾಡು ತುಂಬಿಸುವುದು ನನ್ನ ಕೆಲಸ.

ನಮಗೆ ಒಬ್ಬಳೇ ಮಗಳು. ಶಾಲೆ ಬಿಟ್ಟ ಮೇಲೆ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು ಕ್ಯಾಸೆಟ್ಟಿನ ಚೀಟಿಗಳ ಮೇಲೆ ಹಾಡಿನ ಹೆಸರು ಬರೆಯುತ್ತಿದ್ದಳು. ಅವಳ ಅಕ್ಷರ ಮುದ್ರಿಸಿದ ಹಾಗೆ ಇರುತ್ತಿತ್ತು. ಬರೆಯುತ್ತಲೇ ನಾಯಕಿಯ ಹಾಡಿನ ಜೊತೆ ತಾನೂ ಹಾಡುತ್ತಿದ್ದಳು. ಮನೆಯಲ್ಲಿ ನಮ್ಮದು ಉರ್ದು, ಕನ್ನಡ ಕೂಡಿದ ಮಾತು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅವಳು ಎಂಟನೆಯ ಇಯತ್ತೆಯಲ್ಲಿದ್ದಾಗ ಒಂದು ಸಂಜೆ ಬರೆಯುವುದನ್ನು ನಿಲ್ಲಿಸಿ ಹೇಳಿದಳು:

"ಅಬ್ಬಾ, ಈ ಕ್ಯಾಸೆಟ್ ಖರಾಬ ಆಗೇತಿ ನೋಡು. ತಬಲಾ ಕೇಳತೈತಿ, ಹಾಡಾಕಿ ದನೀನ ಇಲ್ಲ."

ನನಗೆ ಹಾಡು ಸ್ವಚ್ಛವಾಗಿ ಕೇಳುತ್ತಿತ್ತು. ಆದರೂ ಅವಳ ಸಮಾಧಾನಕ್ಕೆಂದು ಅರಳೆಗೆ ಸ್ಪಿರಿಟ್ ಹಚ್ಚಿ ಟೇಪಿನ ಹೆಡ್ ಒರೆಸಿದೆ. "ಈಗ?" ಎಂದೆ. ಇಲ್ಲವೆಂದು ತಲೆಯಾಡಿಸಿದಳು. ಬೇರೆ ಕ್ಯಾಸೆಟ್ ಹಾಕಿದೆ. ಅದರಲ್ಲೂ ಹಾಡುವವಳ ದನಿ ಇಲ್ಲ ಎಂದಳು. ಮೂರನೆಯದು ಹಾಕಿದಾಗ ಅವಳು ಕ್ಯಾಸೆಟ್ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಕೆಟ್ಟಿರುವುದು ಕ್ಯಾಸೆಟ್ ಅಲ್ಲ ಎಂದು ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಗೊತ್ತಾಯಿತು.

ಮನೆಗೆ ಬಂದು ಹೇಳಿದರೆ ಹೆಂಡತಿ ಒಲೆಯ ಮುಂದೆ ಹಾಗೇ ಕೂತುಬಿಟ್ಟಳು. "ಕುಕ್ಕರ್ ಸೀಟಿ ಹೊಡದರೂ ಏಳಂಗಿಲ್ಲ ಅಂತ ಮೊನ್ನೆ ಬೈದಿದ್ದೆ. ಸೊಕ್ಕು ಅಂದಕೊಂಡಿದ್ದೆ ನಾ," ಎಂದಳು.

ಹುಬ್ಬಳ್ಳಿಯ ಕಿವಿ ಡಾಕ್ಟರು ಅವಳಿಗೆ ಹೆಡ್‌ಫೋನ್ ಹಾಕಿ, ಸದ್ದು ಬಂದಾಗ ಬೆರಳು ಎತ್ತು ಎಂದರು. ಗಾಜಿನ ಆಚೆ ಅವಳು ಕೂತಿದ್ದಳು. ದಪ್ಪ ಸದ್ದಿಗೆ ಬೆರಳು ಎದ್ದಿತು. ಸದ್ದು ಸಣ್ಣದಾಗುತ್ತ ಹೋದ ಹಾಗೆ ಬೆರಳು ಏಳಲೇ ಇಲ್ಲ. ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಒಳಗಿನ ನರ ಸೋಲುತ್ತಿದೆ, ಕಾರಣ ಖಚಿತವಾಗಿ ಹೇಳಲಾಗದು, ಮೊದಲು ಏರು ಸ್ವರದ ಸಣ್ಣ ದನಿಗಳು ಹೋಗುತ್ತವೆ, ಆಮೇಲೆ ನಿಧಾನಕ್ಕೆ ದಪ್ಪ ದನಿಗಳೂ ಹೋಗಬಹುದು ಎಂದರು. ಎಷ್ಟು ದಿನಕ್ಕೆ ಎಂದು ಕೇಳಿದೆ. ಹೇಳಲಾಗುವುದಿಲ್ಲ ಎಂದರು. ಕಿವಿಗೆ ಹಾಕುವ ಯಂತ್ರ ಕೊಟ್ಟರು. ಅದನ್ನು ಹಾಕಿಕೊಂಡರೆ ಎಲ್ಲ ಸದ್ದೂ ತಗಡಿನ ಡಬ್ಬಿಯಲ್ಲಿ ಕಲ್ಲು ಆಡಿಸಿದ ಹಾಗೆ ಕೇಳುತ್ತದೆ ಎಂದು ಅವಳು ಒಂದು ತಿಂಗಳಲ್ಲಿ ತೆಗೆದಿಟ್ಟಳು.

ಅಂಗಡಿಗೆ ಬರುವುದನ್ನು ಮಾತ್ರ ಬಿಡಲಿಲ್ಲ. ಚೀಟಿ ಬರೆಯುತ್ತಿದ್ದಳು, ಹಾಡುತ್ತಿರಲಿಲ್ಲ.

ಮಿಶನ್ ದವಾಖಾನೆಯೊಂದರಲ್ಲಿ ನರ್ಸ್ ಆಗಿ ನಿವೃತ್ತರಾಗಿದ್ದ, ಎಲ್ಲರೂ ‘ಬಾಯಿಯವರು’ ಎಂದು ಕರೆಯುತ್ತಿದ್ದ ಒಬ್ಬ ಹಿರಿಯ ಹೆಂಗಸು ಅಂಗಡಿಗೆ ಬಂದದ್ದು ಆ ದಿನಗಳಲ್ಲೇ. ಬೆಟಗೇರಿಯವರು, ಆಗಲೇ ಎಪ್ಪತ್ತು ದಾಟಿತ್ತು. ಅವರ ಕೈಚೀಲದ ತುಂಬ ಕ್ಯಾಸೆಟ್ ಇದ್ದವು. ಹಿಂದೆ ಅವರ ಜೊತೆ ಕೆಲಸ ಮಾಡಿದ ಜರ್ಮನ್ ಡಾಕ್ಟರಮ್ಮ ತಮ್ಮ ದೇಶಕ್ಕೆ ಹೋಗುವಾಗ ಬಿಟ್ಟುಹೋದವಂತೆ.

"ಇವನ್ನ ಕೇಳೋರು ಯಾರೂ ಇಲ್ಲರಿ. ಟೇಪ್ ಚಲೋ ಅದಾವ. ಮ್ಯಾಲೆ ಭಜನಿ ಏನರ ತುಂಬಿಸಿಕೋರಿ," ಎಂದು ಕೊಟ್ಟು ಹೋದರು.

ಅಳಿಸುವ ಮೊದಲು ಟೇಪ್ ಹೇಗಿದೆ ನೋಡೋಣ ಎಂದು ಒಂದನ್ನು ಹಾಕಿದೆ. ಪಿಯಾನೋ ಶುರುವಾಯಿತು. ಆಮೇಲೆ ಒಬ್ಬ ಹೆಂಗಸು ಹಾಡತೊಡಗಿದಳು. ಹೆಂಗಸಿಗೆ ಅಷ್ಟು ದಪ್ಪ ದನಿ ಇರಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ತೀರ ನಿಧಾನ ಹಾಡು. ಒಂದು ಸ್ವರವನ್ನು ಹಿಡಿದರೆ ಬಿಡುವ ಅವಸರವೇ ಇಲ್ಲ. ನನಗೆ ಹಿಡಿಸಲಿಲ್ಲ. ನಿಲ್ಲಿಸಲು ಕೈ ಚಾಚಿದೆ.

"ತಡಿ ಅಬ್ಬಾ," ಎಂದಳು ಮಗಳು. ಪೆನ್ನು ಕೆಳಗಿಟ್ಟಿದ್ದಳು. "ಇದು ಕೇಳತೈತಿ. ಈಕಿ ಹಾಡೂದು ನನಗ ಕೇಳತೈತಿ."

ನಾನು ಕೌಂಟರಿಗೆ ಬೆನ್ನು ಮಾಡಿ, ಏನೋ ಹುಡುಕುವವನ ಹಾಗೆ ನಿಂತು ಅತ್ತೆ.

ಅವು ಯುರೋಪಿನ, ಜರ್ಮನ್ ಭಾಷೆಯ ಶಾಸ್ತ್ರೀಯ ಹಾಡುಗಳು. ಕವಿತೆಗೆ ಸಂಗೀತ ಕೂಡಿಸಿ, ಪಿಯಾನೋ ಒಂದನ್ನೇ ಜೊತೆಗಿಟ್ಟುಕೊಂಡು ಒಬ್ಬರೇ ಹಾಡುವಂಥವು. ನಾಲ್ಕೈದು ಕ್ಯಾಸೆಟ್ಟುಗಳಲ್ಲಿ ಪಿಯಾನೋ ಬದಲು ದೊಡ್ಡ ವಾದ್ಯಮೇಳ ಇತ್ತು. ಅವೆಲ್ಲ ನೂರು ವರ್ಷದ ಹಿಂದೆ ಕಟ್ಟಿದ ಹಾಡುಗಳು ಎಂದು ಕವರಿನ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಮಗಳಿಗೆ ವಾದ್ಯಮೇಳ ಗದ್ದಲವಾಗುತ್ತಿತ್ತು. ಪಿಯಾನೋ ಜೊತೆಗಿನ ಆ ದಪ್ಪ ದನಿಯವಳೇ ಅವಳಿಗೆ ಬೇಕು. ಅಂಥವು ಆರು ಕ್ಯಾಸೆಟ್ ಇದ್ದವು. ಒಂದನ್ನೂ ಅಳಿಸಲಿಲ್ಲ.

ಅಂದಿನಿಂದ ಸಂಜೆಯ ಒಂದು ತಾಸು ಆ ಹಾಡುಗಳಿಗೆ ಎಂದಾಯಿತು. ಗಿರಾಕಿಗಳು ನಗುತ್ತಿದ್ದರು. "ಯಾರರ ಸತ್ತಾರೇನ್ರೀ ಸಾಬ್ರ?" ಎಂದು ಪಕ್ಕದ ಚಹಾದ ಅಂಗಡಿಯವರು ಕೇಳುತ್ತಿದ್ದರು. ಮಗಳು ಪ್ರತಿ ಹಾಡಿಗೂ ತನ್ನದೇ ಒಂದು ಅರ್ಥ ಕಟ್ಟಿ ಹೇಳುತ್ತಿದ್ದಳು.

"ಇದರಾಗ ಈಕಿ ರೊಟ್ಟಿ ಹೊತ್ತಿಸ್ಯಾಳ. ಅತ್ತಿ ಬರೂದರಾಗ ಏನ ಮಾಡ್ಲಿ ಅಂತ ಹಾಡಾಕತ್ಯಾಳ."

"ಮತ್ತ ಇದು?"

"ಇದರಾಗ ಈಕೀದು ಶಿರಹಟ್ಟಿ ಬಸ್ ತಪ್ಪೇತಿ."

ಬಾಯಿಯವರು ಒಮ್ಮೆ ಆ ದಾರಿಯಲ್ಲಿ ಹೋಗುತ್ತಿದ್ದವರು ಹಾಡು ಕೇಳಿ ಒಳಗೆ ಬಂದರು. ಮಗಳ ಸಂಗತಿ ತಿಳಿದು ಅವಳ ಮಗ್ಗುಲಲ್ಲೇ ಕೂತರು. ನಿಮಗೆ ಈ ಭಾಷೆ ತಿಳಿಯುತ್ತದೆಯೇ ಎಂದು ಕೇಳಿದೆ. "ವಾರ್ಡಿನಾಗ ಡಾಕ್ಟರಮ್ಮ ಬಾಯಿ ತಪ್ಪಿ ಆಡತಿದ್ದ ಮಾತಷ್ಟ ಗೊತ್ತು," ಎಂದರು. ಸ್ಪೀಕರಿನ ಹತ್ತಿರ ಕಿವಿ ತಂದು ಕೇಳಿದರು. ನಡುನಡುವೆ ಒಂದೊಂದು ಮಾತು ಹೆಕ್ಕಿ, ಮಗಳ ಕಡೆ ತಿರುಗಿ ಜೋರಾಗಿ ಹೇಳಿದರು: "ನಿದ್ದಿ ಅಂದಳು... ನೋವು ಅಂದಳು... ಈಗ ನಾಳೆ ಅಂದಳು..." ಮಗಳು ಅಷ್ಟನ್ನೂ ಚೀಟಿಯ ಹಿಂದೆ ಬರೆದುಕೊಂಡಳು.

ಹೀಗೆ ಒಂದೂವರೆ ವರ್ಷ ನಡೆಯಿತು. ಕಿವಿಯ ಗೆರೆ ಇಳಿಯುತ್ತಲೇ ಇತ್ತು. ಬಾಗಿಲು ಬಡಿದದ್ದು ಕೇಳದಾಯಿತು, ತಾಯಿಯ ಮಾತೂ ಕೇಳದಾಯಿತು. ನನ್ನ ದನಿ ದಪ್ಪ, ಹತ್ತಿರ ಹೋಗಿ ಮಾತಾಡಿದರೆ ಅವಳಿಗೆ ತಿಳಿಯುತ್ತಿತ್ತು. ಆದರೆ ನಾನು ಮೊದಲಿನಿಂದಲೂ ಮಾತು ಕಡಿಮೆಯ ಮನುಷ್ಯ. ಅಂಗಡಿಯ ಟೇಪ್‌ರೆಕಾರ್ಡರಿನ ಸದ್ದು ಏರಿಸುವುದು ನನಗೆ ಬರುತ್ತಿತ್ತು, ಅದನ್ನೇ ಮಾಡಿದೆ. ದೊಡ್ಡ ಸ್ಪೀಕರ್ ತಂದೆ. ಅವಳನ್ನು ಅದರ ಮಗ್ಗುಲಲ್ಲೇ ಕೂರಿಸಿದೆ.

ಒಂದು ಶುಕ್ರವಾರ ನಮಾಜು ಮುಗಿಸಿ ಮನೆಗೆ ಬಂದಾಗ ಹೆಂಡತಿ ನನ್ನ ತಾಟಿಗೆ ಅನ್ನ ಹಾಕಿ ಎದುರಿಗೆ ಕೂತಳು.

"ಒಂದ ಮಾತ ಹೇಳತೀನಿ, ಸಿಟ್ಟಾಗಬ್ಯಾಡ್ರಿ. ನನ್ನ ಮಾತಂತೂ ಆಕಿಗೆ ಮುಟ್ಟಂಗಿಲ್ಲ. ನಿಮ್ಮದು ಇನ್ನೂ ಮುಟ್ಟತೈತಿ. ಆ ಹಾಡಾಕಿ ಯಾರೋ ಏನೋ. ಆಕೀನ್ನ ಬಂದ ಮಾಡಿ ನೀವ ಕುಂತು ಮಾತಾಡ್ರಿ ಮಗಳ ಜೋಡಿ."

"ಆಕಿಗೆ ಅದರಾಗ ಖುಷಿ ಐತಿ. ಅದನ್ನೂ ಕಸಗೊಳ್ಳಲೇನು?" ಎಂದೆ. "ಮತ್ತ ನಾ ಏನ ಮಾತಾಡ್ಲಿ?"

"ಏನರ. ಅಂಗಡಿಗೆ ಯಾರ ಬಂದಿದ್ರು, ಏನ ತಿಂದ್ರಿ, ಸಣ್ಣಾಂವ ಇದ್ದಾಗ ಏನ ಮಾಡಿದ್ರಿ. ಏನರ ಮಾತಾಡ್ರಿ."

ನಾನು ಊಟ ಮಾಡಿ ಅಂಗಡಿಗೆ ಹೋದೆ. ಅಂದು ಸಂಜೆಯೂ ಕ್ಯಾಸೆಟ್ಟನ್ನೇ ಹಚ್ಚಿದೆ.

ಮಗಳು ಹತ್ತನೆಯ ಇಯತ್ತೆಯ ಪರೀಕ್ಷೆ ಬರೆದು ಮುಗಿಸಿದ ಬೇಸಿಗೆ. ಮಧ್ಯಾಹ್ನ ಮೂರರ ಸುಮಾರಿಗೆ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಹಾಡು ನಡೆದಿತ್ತು. ಅವಳು ಕಣ್ಣು ಮುಚ್ಚಿಕೊಂಡು ತಲೆಯನ್ನು ಮೆಲ್ಲಗೆ ಆಡಿಸುತ್ತಿದ್ದಳು. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಹಾಡುವವಳ ದನಿ ಎಳೆದಂತಾಗಿ ನಿಂತಿತು. ಹೊರಗೆ ಟಾಂಗಾದ ಕುದುರೆಯ ಸದ್ದು ಕೇಳಿತು.

ಮಗಳ ತಲೆ ಆಡುತ್ತಲೇ ಇತ್ತು.

ನಾನು ಕುರ್ಚಿಯಿಂದ ಅರ್ಧ ಎದ್ದವನು ಹಾಗೇ ಕೂತೆ. ಅವಳು ಒಮ್ಮೆ ಕಣ್ಣು ತೆರೆದು ನನ್ನತ್ತ ನೋಡಿ, ಚಲೋ ಐತಿ ಎನ್ನುವ ಹಾಗೆ ನಕ್ಕು, ಮತ್ತೆ ಮುಚ್ಚಿದಳು. ಎಷ್ಟು ದಿನದಿಂದ ಹೀಗೆ? ನನಗೆ ತಿಳಿಯದು. ನಾನು ಕೇಳಲೂ ಇಲ್ಲ. ಹಾಡು ಮುಗಿಯುವಷ್ಟು ಹೊತ್ತು ಸುಮ್ಮನೆ ಕಾಯ್ದೆ, ಆಮೇಲೆ ಎದ್ದು, ನಿಂತಿದ್ದ ಯಂತ್ರದ ಗುಂಡಿಯನ್ನು ಒತ್ತಿ ಕ್ಯಾಸೆಟ್ ಹೊರಗೆ ತೆಗೆದೆ. ಅವಳು ಕಣ್ಣು ತೆರೆದು "ಆತಾ ಅಬ್ಬಾ?" ಎಂದಳು. "ಆತು," ಎಂದೆ. ನನ್ನ ತುಟಿ ನೋಡಿ ತಿಳಿದುಕೊಂಡಳು.

ಮರುದಿನ ಅವಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಗಾಜಿನ ಆಚೆ ಒಮ್ಮೆಯೂ ಬೆರಳು ಏಳಲಿಲ್ಲ. ಅಷ್ಟು ಜೋರಾಗಿ ಹಾಡು ಹಚ್ಚಿದ್ದರಿಂದ ಹೀಗಾಯಿತೇ ಎಂದು ಡಾಕ್ಟರನ್ನು ಕೇಳಿದೆ. ಹೋಗುವುದು ಹೇಗೂ ಹೋಗುತ್ತಿತ್ತು ಎಂದರು. ಸ್ವಲ್ಪ ಬೇಗ ಹೋಯಿತೇ ಎಂದೆ. ಅವರು ಕಾಗದ ಮಡಿಚಿ ನನ್ನ ಕೈಯಲ್ಲಿಟ್ಟರು.

ಆಮೇಲಿನ ವರ್ಷಗಳನ್ನು ಬಿಡಿಸಿ ಹೇಳುವಂಥದ್ದೇನಿಲ್ಲ. ಸಿಡಿ ಬಂತು, ಕ್ಯಾಸೆಟ್ ಅಂಗಡಿ ಮುಚ್ಚಿ ಅಲ್ಲೇ ಮೊಬೈಲ್ ರಿಪೇರಿ ಇಟ್ಟೆ. ಮಗಳು ಹೊಲಿಗೆ ಕಲಿತಳು. ತುಟಿ ನೋಡಿ ಮಾತು ತಿಳಿಯುವುದನ್ನು ತಾನೇ ರೂಢಿ ಮಾಡಿಕೊಂಡಳು. ಮುಂಡರಗಿಯಲ್ಲಿ ಮರಗೆಲಸದ ಒಂದು ಮನೆತನಕ್ಕೆ ಮದುವೆ ಮಾಡಿಕೊಟ್ಟೆವು. ಅಳಿಯ ಒಳ್ಳೆಯವನು. ಅವಳು ಮನೆಯಲ್ಲೇ ಸೀರೆಯ ಜೊತೆ ತೊಡುವ ಜಂಪರ್ ಹೊಲಿಯುತ್ತಾಳೆ. ಮಾತಾಡುತ್ತಾಳೆ ಕೂಡ, ಆದರೆ ತನ್ನ ದನಿ ತನಗೆ ಕೇಳದ್ದರಿಂದ ಅದು ಚಪ್ಪಟೆಯಾಗಿ, ಒಮ್ಮೊಮ್ಮೆ ತೀರ ಜೋರಾಗಿ ಬರುತ್ತದೆ.

ಮೂರು ವರ್ಷದ ಹಿಂದೆ ಅವಳ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಪಡಸಾಲೆಯಲ್ಲಿ ಅವಳು ಮಷಿನ್ನಿನ ಮುಂದೆ ಕೂತು ಗುಂಡಿ ಹಚ್ಚುತ್ತಿದ್ದಳು. ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದನ್ನು ಅಂದು ಕೇಳಿದೆ.

"ಆಗ ನಿನಗ ಹಾಡು ಕೇಳತಿದ್ದಿಲ್ಲ, ಖರೆ ಹೌದಿಲ್ಲ?"

ದಾರ ಹಲ್ಲಿನಿಂದ ಕಡಿದು ನನ್ನ ಕಡೆ ನೋಡಿದಳು. "ಕಡೀ ಮೂರ ನಾಕ ತಿಂಗಳ ಕೇಳತಿದ್ದಿಲ್ಲ. ನೀ ಅಷ್ಟ ಹೌಸಿಲೆ, ಖುಷೀಲೆ ಹಚ್ಚತಿದ್ದಿ. ಹೆಂಗ ಹೇಳ್ಲಿ?"

"ಈಗ ನೆನಪೈತೇನು ಆ ದನಿ?"

"ಐತಿ. ಒಂದೊಂದ ಹಾಡೂ ನೆನಪೈತಿ. ಎಲ್ಲಿ ಉಸರ ತಗೋತಾಳ ಅದೂ ಐತಿ." ಸ್ವಲ್ಪ ತಡೆದಳು. ಆಮೇಲೆ ಜೋರಾಗಿ, ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು: "ಅಮ್ಮೀದು ಮರತೈತಿ ಅಬ್ಬಾ. ನಿನ್ನದೂ ಮರತೈತಿ. ಎಷ್ಟ ಸಲ ನೆನಸೀನಿ, ಬರಂಗಿಲ್ಲ. ನಿಮ್ಮ ದನಿ ಹಿಡದ ಇಟ್ಟುಕೋಬೇಕಂತ ಆವಾಗ ನನಗ ಹೊಳೀಲಿಲ್ಲ."

ಅದು ಹೊಳೆಯಬೇಕಾಗಿದ್ದದ್ದು ನನಗೆ. ಒಂದೂವರೆ ವರ್ಷ ನನ್ನ ಮಾತು ಅವಳಿಗೆ ಮುಟ್ಟುತ್ತಿತ್ತು. ಆ ಸಂಜೆಗಳನ್ನೆಲ್ಲ ನಾನು ಎಂದೂ ಕಾಣದ ಒಬ್ಬ ಹೆಂಗಸಿಗೆ ಕೊಟ್ಟುಬಿಟ್ಟೆ. ಅವಳದೇನೂ ತಪ್ಪಿಲ್ಲ, ಪಾಪ, ಎಷ್ಟು ಮನಸ್ಸಿಟ್ಟು ಹಾಡಿದ್ದಳು. ಮಗಳ ಮುಂದೆ ಕೂತಲ್ಲೇ ಅತ್ತುಬಿಟ್ಟೆ. ಅವಳೇ ಎದ್ದು ಬಂದು, ಸೆರಗಿನಿಂದ ನನ್ನ ಮುಖ ಒರೆಸಿ, "ಚಹಾ ಮಾಡ್ಲೇನು?" ಎಂದಳು.

ಈಗ ಹದಿನೈದು ದಿನಕ್ಕೊಮ್ಮೆ ಮುಂಡರಗಿ ಬಸ್ ಹತ್ತುತ್ತೇನೆ. ಅವಳ ಪಡಸಾಲೆಯಲ್ಲಿ ಬೆಳಕು ನನ್ನ ಮುಖದ ಮೇಲೆ ಬೀಳುವ ಕಡೆ ನೋಡಿ ಕೂರುತ್ತೇನೆ. ಮೀಸೆ ಇದ್ದರೆ ತುಟಿ ಸರಿಯಾಗಿ ಕಾಣದು ಎಂದಿದ್ದಳು, ತೆಗೆಸಿಬಿಟ್ಟಿದ್ದೇನೆ. ಬಸ್ಸಿನಲ್ಲಿ ಯಾರು ಸಿಕ್ಕರು, ಡಂಬಳದ ಹತ್ತಿರ ಟೈರು ಹೇಗೆ ಪಂಕ್ಚರ್ ಆಯಿತು, ಅವಳ ತಾಯಿ ಬೆಳಿಗ್ಗೆ ಯಾತಕ್ಕೆ ಬೈದಳು, ಲಕ್ಷ್ಮೇಶ್ವರದಲ್ಲಿ ನಾನು ಸಣ್ಣವನಿದ್ದಾಗ ಬಾವಿಗೆ ಬಿದ್ದ ಆಡನ್ನು ಹೇಗೆ ಎತ್ತಿದೆವು, ಎಲ್ಲ ಹೇಳುತ್ತೇನೆ. ಅವಳು ಹೊಲಿಯುವುದನ್ನು ನಿಲ್ಲಿಸಿ ನನ್ನ ತುಟಿಯನ್ನೇ ನೋಡುತ್ತಾಳೆ. ನಾನು ಅವಸರ ಮಾಡಿದರೆ "ಸಾವಕಾಶ ಅಬ್ಬಾ" ಎನ್ನುತ್ತಾಳೆ. ಆಗ ಮೊದಲಿನಿಂದ ಮತ್ತೆ ಹೇಳುತ್ತೇನೆ.