ತಾತ ಮುಟ್ಟದ ಚೀಲ

ಹೋದ ತಿಂಗಳು ತುಮಕೂರಿನ ನಮ್ಮ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಯಾರೋ ತಂದ ಸ್ಯಾಂಪಲ್ ಕವರ್ ಬಿಚ್ಚಿದೆ. ಅರೆಕೊಳೆತ ತೆಂಗಿನ ಗರಿಯ ವಾಸನೆ ಮುಖಕ್ಕೆ ಬಡಿಯಿತು. ಹನ್ನೆರಡು ವರ್ಷದ ಹಿಂದಿನ ಸಿ.ಎಸ್. ಪುರದ ತೋಟ, ಮರದ ಪಾತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ ತಾತ…

ನೆಂಟರಲ್ಲ. ನನ್ನ ಎಂ.ಎಸ್ಸಿ. ಪ್ರಯೋಗಕ್ಕೆ ಜಾಗ ಕೊಟ್ಟವರು. ತೆಂಗಿನ ಗರಿ, ರಾಗಿ ಹುಲ್ಲು, ಕಾಂಪೋಸ್ಟ್ ತುಂಬಿದ ನೈಲಾನ್ ಜಾಲರಿ ಚೀಲಗಳನ್ನು ಅವರ ಮರಗಳ ಬುಡದಲ್ಲಿ ಹೂತಿದ್ದೆ. ತಿಂಗಳಿಗೊಮ್ಮೆ ಕೆಲವನ್ನು ತೆಗೆದು, ತೊಳೆದು, ಒಣಗಿಸಿ ತೂಗಬೇಕು. ತೂಕ ಎಷ್ಟು ಇಳಿದಿದೆಯೋ ಅಷ್ಟು ಕೊಳೆತು ಮಣ್ಣು ಸೇರಿತೆಂದು ಅರ್ಥ.

"ಮೂಸಿದ್ರೆ ಗೊತ್ತಾಗಲ್ವೇನವ್ವ, ತೂಕ ಯಾಕೆ?" ಎಂದು ತಾತ ನಗುತ್ತಿದ್ದರು. ಆದರೂ ದನ ತುಳಿಯದಂತೆ ಸುತ್ತ ಮುಳ್ಳು ಕಟ್ಟಿದ್ದರು. ಆ ವರ್ಷ ಅಷ್ಟು ಜಾಗಕ್ಕೆ ಉಳುಮೆಯನ್ನೇ ಬಿಟ್ಟಿದ್ದರು.

ನಾಲ್ಕನೇ ತಿಂಗಳು ನಾನು ಹೋಗಲಿಲ್ಲ. ಗೆಳತಿಯ ಮದುವೆ, ಸೀರೆ, ಓಡಾಟ… ಅಂದಾಜಿನ ತೂಕವನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಐದನೇ ತಿಂಗಳು ನಿಜವಾಗಿ ತೂಗಿದರೆ ಅದಕ್ಕಿಂತ ಹೆಚ್ಚು ಬಂತು. ಕೊಳೆಯುವ ಹುಲ್ಲಿನ ತೂಕ ಏರುವುದುಂಟೇ ಎಂದು ನನ್ನ ಗೈಡ್ ಕೇಳಿದರು.

"ಆ ತಾತ ಚೀಲ ಕಿತ್ತು ಅದಲು ಬದಲು ಹೂತಿರಬೇಕು ಸರ್," ಎಂದುಬಿಟ್ಟೆ.

ಗೈಡ್ ನನ್ನನ್ನೂ ಕರೆದುಕೊಂಡು ತೋಟಕ್ಕೇ ಹೋದರು. ಅಕ್ಕಪಕ್ಕದ ತೋಟದವರ ಎದುರಿಗೇ, "ನಿಮ್ಮನ್ನ ನಂಬಿದ್ದಕ್ಕೆ ಹೀಗಾ ಮಾಡೋದು?" ಎಂದು ಗದರಿದರು. ತಾತ ನನ್ನನ್ನು ನೋಡಿದರು. ನಾನು ಚಪ್ಪಲಿಗೆ ಮೆತ್ತಿದ ಮಣ್ಣು ನೋಡುತ್ತಿದ್ದೆ.

"ತಪ್ಪಾಯ್ತು ಸ್ವಾಮಿ, ತಿಳೀದೆ ಮುಟ್ಬುಟ್ಟೆ. ಮಗೀನ ಓದು ಕೆಡಿಸಬ್ಯಾಡಿ," ಎಂದರು.

ಒಂದು ಚೀಲವನ್ನೂ ಅವರು ಮುಟ್ಟಿರಲಿಲ್ಲ. ಪ್ರಯೋಗ ಬೇರೆಯವರ ಹೊಲಕ್ಕೆ ಹೋಯಿತು. ಡಿಗ್ರಿ ಬಂತು, ಕೆಲಸ ಸಿಕ್ಕಿತು. ಥೀಸಿಸ್‌ನ ಕೃತಜ್ಞತೆಯ ಪುಟದಲ್ಲಿ ಅವರ ಹೆಸರಿಲ್ಲ. ಆ ಕಡೆ ಮತ್ತೆ ತಲೆ ಹಾಕಲೂ ಇಲ್ಲ.

ಆ ವಾಸನೆ ತಡೆಯಲಾರದೆ ಮುಂದಿನ ಭಾನುವಾರ ಹೋದೆ. ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಸೊಸೆ ಕೂರಿಸಿ ಕಾಫಿ ಕೊಟ್ಟರು.

"ಒಂದ್ ಹುಡುಗೀ ಓದಿಗೆ ನನ್ನಿಂದ ತೊಂದ್ರೆ ಆಯ್ತು ಅಂತ ಮಾವ ಹೇಳ್ತಾನೇ ಇದ್ರು. ನೀವೇ ಅಲ್ವಾ? ವಯಸ್ಸಾದೋರು, ಬೇಜಾರ್ ಮಾಡ್ಕೋಬೇಡಿ ಮೇಡಂ."

ನಿಜ ಹೇಳಲೆಂದೇ ಹೋಗಿದ್ದೆ. ಬಾಯಿ ತೆರೆದೆ ಕೂಡ. ಆದರೆ ಕ್ಷಮಿಸುವವಳ ಹಾಗೆ ತಲೆಯಾಡಿಸಿ, "ಪರವಾಗಿಲ್ಲ ಬಿಡಿ," ಎಂದು ಎದ್ದು ಬಂದೆ.