ಗಂಟೆ ಹೊಡೆಯುವವರು ಹಿಡಿದ ಬೋರ್ಡು

ಹರಪನಹಳ್ಳಿಯ ನಮ್ಮ ಪುಟ್ಟ ಚರ್ಚಿನಲ್ಲಿ ಗಂಟೆ ಹೊಡೆಯುತ್ತಿದ್ದ ಹಿರಿಯರು ಫಾದರ್ ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದರು. ನಮ್ಮವರು ಯಾರೇ ತೀರಿಕೊಂಡರೂ ಸಾವಿನ ಗಂಟೆ ಹೊಡೆದು ಬಂದು, ಹಗ್ಗ ಎಳೆದ ಅಂಗೈ ಉಜ್ಜಿಕೊಳ್ಳುತ್ತ, "ನನಗ್ಯಾರು ಹೊಡೀತಾರ್ರಿ?" ಎನ್ನುವರು.

ಎಪ್ಪತ್ತರ ದಶಕದ ಕೊನೆಗೆ ಬಿಷಪ್ಪರ ಅಪ್ಪಣೆಯಂತೆ ನಮ್ಮ ಸ್ಮಶಾನದ ನಡುವೆ ಗೋಡೆ ಎದ್ದಿತು. ದಲಿತ ಕೇರಿಯವರ ಸಮಾಧಿಗಳೆಲ್ಲ ಅದರಾಚೆ ಉಳಿದವು. ಗಂಟೆ ಹೊಡೆಯುವ ಹಿರಿಯರ ಹೆಂಡತಿಯದೂ ಅಲ್ಲೇ ಇತ್ತು.

ಬಿಷಪ್ಪರು ಬರುವ ಹಿಂದಿನ ದಿನ ನಾವು ಕೆಲವರು ನಮ್ಮ ಪಡಸಾಲೆಯಲ್ಲಿ ಕೂತು, ಗೋಣಿತಟ್ಟಿಗೆ ಸುಣ್ಣ ಬಳಿದು, ಬಟ್ಟೆಗೆ ಹಾಕುವ ನೀಲಿಯಿಂದ "ಸತ್ತವರ ನಡುವೆ ಗೋಡೆ ಬೇಡ" ಎಂದು ಬರೆದು ಕೋಲಿಗೆ ಕಟ್ಟುತ್ತಿದ್ದೆವು. ಆ ಹಿರಿಯರು ಒಳಗೆ ಬಂದು ಬಾಗಿಲು ಹಾಕಿ, "ಚರ್ಚಿನಿಂದ ಹೊರಗ ಹಾಕಿದ್ರ ನನ್ನ ಹೆಣಾ ಎಲ್ಲಿಗೆ ಒಯ್ತೀರಿ?" ಎಂದರು. ಆದರೂ ಅವರು ಒಂದು ಬೋರ್ಡು ಎತ್ತಿಕೊಂಡರು.

ಮರುದಿನ ಬಿಷಪ್ಪರು ಜೀಪಿನಿಂದ ಇಳಿದು ನೇರ ಹಿರಿಯರ ಮುಂದೆಯೇ ಉಂಗುರದ ಕೈ ಚಾಚಿದರು. ರೂಢಿಯಂತೆ ಅವರ ಮಂಡಿ ತಾನಾಗಿ ನೆಲಕ್ಕೂರಿತು. ಆ ಕೈಯನ್ನು ಎರಡೂ ಕೈಯಿಂದ ಹಿಡಿದು ಉಂಗುರಕ್ಕೆ ಮುತ್ತಿಡಬೇಕು. ಅವರ ಎರಡೂ ಕೈ ಬೋರ್ಡಿನ ಕೋಲಿನ ಮೇಲಿದ್ದವು. ಕೋಲು ಕೆಳಗಿಳಿಯಲಿಲ್ಲ. ಕೊನೆಗೆ ಬಿಷಪ್ಪರೇ ಕೈ ಹಿಂತೆಗೆದುಕೊಂಡರು.

ಮಾರನೆಯ ಬೆಳಗಿನ ಗಂಟೆಯನ್ನು ಬೇರೆ ಯಾರೋ ಹೊಡೆದರು. ಹಿರಿಯರು ನಮ್ಮ ಕಟ್ಟೆಯ ಮೇಲೆ ಕೂತು, ಅದು ನಿಲ್ಲುವವರೆಗೂ ಕೇಳಿ, ಅಂಗೈ ಉಜ್ಜಿಕೊಂಡು, "ಚಲೋ ಹೊಡೀತಾನ. ನನಗೂ ಹೊಡೀತಾನೇನ್ರಿ?" ಎಂದರು.